ವಾಷಿಂಗ್ಟನ್ ನಿರ್ಬಂಧಿತ ವಲಯದ ಅಂಚಿನಲ್ಲಿ ರೇಡಿಯೋ ಮೌನ: ಮುಂದೆ ಹೋಗಬೇಕಿತ್ತೋ, ತಿರುಗಬೇಕಿತ್ತೋ?

ಸಾಗರದ_ಗಾಳಿಪಟ
ಎಲ್ಲರಿಗೂ ನಮಸ್ಕಾರ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಫ್ರೆಡೆರಿಕ್ ಏರ್‌ಪೋರ್ಟಿಂದ ಬಾಡಿಗೆ ಸೆಸ್ನಾ 172 ಹಾರಿಸ್ತೀನಿ. ಪ್ರೈವೇಟ್ ಲೈಸೆನ್ಸ್ ಇದೆ, ಇನ್‌ಸ್ಟ್ರುಮೆಂಟ್ ರೇಟಿಂಗ್ ಇನ್ನೂ ಇಲ್ಲ.

ಈ ಊರಿನ ಪಾಡು ಗೊತ್ತಿಲ್ಲದವರಿಗೆ: ವಾಷಿಂಗ್ಟನ್ ಸುತ್ತ 30 ನಾಟಿಕಲ್ ಮೈಲಿ, ನೆಲದಿಂದ 18,000 ಅಡಿವರೆಗೆ ಎಸ್‌ಎಫ್‌ಆರ್‌ಎ ಅನ್ನೋ ವಲಯ ಇದೆ. ಒಳಗೆ ಹೋಗೋಕೆ ಮೊದಲೇ ಪ್ಲಾನ್ ಹಾಕಿರಬೇಕು, ಪೊಟೊಮ್ಯಾಕ್ ಅಪ್ರೋಚ್ (ಇಲ್ಲಿನ ವಿಮಾನ ಸಂಚಾರ ನಿಯಂತ್ರಿಸೋ ಕೇಂದ್ರ) ಜೊತೆ ಮಾತುಕತೆ ಆಗಿರಬೇಕು, ಅವರು ಕೊಟ್ಟ ಕೋಡ್ ಟ್ರಾನ್ಸ್‌ಪಾಂಡರ್‌ನಲ್ಲಿ (ರಾಡಾರ್‌ಗೆ ವಿಮಾನದ ಗುರುತು ಹೇಳೋ ಯಂತ್ರ) ಇರಬೇಕು. ಬೇರೆ ಕಡೆ ಎಲ್ಲರೂ ಹಾಕ್ಕೊಂಡು ಓಡಾಡೋ 1200 ಇಲ್ಲಿ ನಡೆಯಲ್ಲ. ಫ್ರೆಡೆರಿಕ್ ಈ ಗೆರೆಯಿಂದ ಆಚೆ, ಆದರೆ ಕೂಗಳತೆಯಲ್ಲಿದೆ. ಆಗ್ನೇಯಕ್ಕೆ ಹೋದರೆ ಎಸ್‌ಎಫ್‌ಆರ್‌ಎ, ಉತ್ತರಕ್ಕೆ ಹೋದರೆ ಅಧ್ಯಕ್ಷರ ವಿಶ್ರಾಂತಿ ತಾಣ ಕ್ಯಾಂಪ್ ಡೇವಿಡ್ ಮೇಲಿನ ನಿಷೇಧಿತ ವೃತ್ತ, ಪಿ-40. ಅಧ್ಯಕ್ಷರು ಅಲ್ಲಿಗೆ ಬಂದ ದಿನ ಆ ವೃತ್ತ ಇನ್ನಷ್ಟು ಹಿಗ್ಗುತ್ತೆ.

ಹೋದ ವಾರ ಗೇಥರ್ಸ್‌ಬರ್ಗ್‌ಗೆ ಹೊರಟಿದ್ದೆ. ಅದು ಗೆರೆಯ ಒಳಗಿದೆ. ಪೊಟೊಮ್ಯಾಕ್‌ನವರು ಕೋಡ್ ಕೊಟ್ಟರು, ಹಾಕಿದೆ. ‘ನಿಮ್ಮ ಟ್ರಾನ್ಸ್‌ಪಾಂಡರ್ ಕಾಣ್ತಿದೆ’ ಅನ್ನೋ ಮಾತು ಬರೋಕೆ ಮುಂಚೆ ಫ್ರೀಕ್ವೆನ್ಸಿ ಪೂರ್ತಿ ನಿಶ್ಶಬ್ದ. ಶನಿವಾರ ಬೆಳಿಗ್ಗೆ, ಅಷ್ಟು ಗಿಜಿಗುಡೋ ಫ್ರೀಕ್ವೆನ್ಸೀಲಿ ಯಾರೂ ಮಾತಾಡ್ತಿಲ್ಲ ಅಂದ್ರೆ ಏನೋ ಎಡವಟ್ಟು. ವಾಲ್ಯೂಮ್ ನೋಡಿದೆ, ಸ್ಕ್ವೆಲ್ಚ್ ಎಳೆದೆ, ಹೆಡ್‌ಸೆಟ್ ಪಿನ್ ಕಿತ್ತು ಮತ್ತೆ ಚುಚ್ಚಿದೆ. ಏನಿಲ್ಲ. ಗೆರೆ ಹತ್ತಿರ ಬರ್ತಿತ್ತು. ರೇಡಿಯೋ ಕೆಟ್ಟಿದೆ ಅಂತ ಹೇಳೋ 7600 ಕೋಡ್ ಹಾಕಿ, ಪಶ್ಚಿಮಕ್ಕೆ ತಿರುಗಿಸಿ ಫ್ರೆಡೆರಿಕ್ ಕಡೆ ಹೊರಟೆ. ಅಷ್ಟರಲ್ಲಿ ಕಣ್ಣಿಗೆ ಬಿದ್ದದ್ದು ರೇಡಿಯೋ ಪರದೆ ಮೇಲಿನ ಸಣ್ಣ ‘ಟಿಎಕ್ಸ್’ ಅಕ್ಷರ. ನಾನು ಮಾತಾಡ್ತಿಲ್ಲ, ಆದರೂ ರೇಡಿಯೋ ಪ್ರಸಾರ ಮಾಡ್ತಾನೇ ಇದೆ! ಯೋಕ್ (ವಿಮಾನದ ಸ್ಟಿಯರಿಂಗ್) ಮೇಲಿನ ಮೈಕ್ ಬಟನ್ ಒಳಗೇ ಕಚ್ಚಿಕೊಂಡಿತ್ತು. ಉಗುರಲ್ಲಿ ಕೆದಕಿ ಎರಡು ಸಲ ಒತ್ತಿದ ಮೇಲೆ ಟಕ್ ಅಂತ ಈಚೆ ಬಂತು, ತಕ್ಷಣ ಕಂಟ್ರೋಲರ್ ದನಿ: ‘ಯಾರದೋ ಮೈಕ್ ಸಿಕ್ಕಿಹಾಕ್ಕೊಂಡಿದೆ, ಎಲ್ಲರೂ ನೋಡ್ಕೊಳ್ಳಿ.’

ಇಳಿದ ಮೇಲೆ ಫೋನ್ ಮಾಡಿ ಮಾತಾಡಿದೆ, ಸೌಜನ್ಯದಿಂದಲೇ ಮುಗೀತು. ಈಗ ಪ್ರಶ್ನೆ ಏನಪ್ಪಾ ಅಂದ್ರೆ, ಕ್ಲಬ್‌ನಲ್ಲಿ ಒಬ್ಬ ಗೆಳೆಯ ಹೇಳ್ತಾನೆ: ‘ಕೋಡ್ ಸಿಕ್ಕಿತ್ತಲ್ಲ, ಪ್ಲಾನ್ ಇತ್ತಲ್ಲ, ಹಾಗೇ ಗೇಥರ್ಸ್‌ಬರ್ಗ್‌ಗೆ ಹೋಗಬೇಕಿತ್ತು. ಗೆರೆ ಹತ್ತಿರ ಸುಮ್ಮನೆ ತಿರುಗಿದ್ರೆ ಅನುಮಾನ ಜಾಸ್ತಿ.’ ತಿಳಿದವರು ಹೇಳಿ.

ನಿಲುವಂಗಿ
ನಿಮ್ಮ ಗೆಳೆಯ ಹೇಳಿದ್ದರಲ್ಲಿ ಹುರುಳಿದೆ. ರೇಡಿಯೋ ಹೋದರೆ ಕೊನೆಗೆ ಕೊಟ್ಟ ಕ್ಲಿಯರೆನ್ಸ್ ಪ್ರಕಾರ ಹೋಗ್ತಾ ಇರಬೇಕು ಅಂತಲೇ ಎಲ್ಲ ಕಡೆ ಓದಿದ್ದು. ರಾಡಾರ್ ಇದ್ದರೆ 7 ನಿಮಿಷ, ಇಲ್ಲದಿದ್ದರೆ 20 ನಿಮಿಷ ಅದೇ ಎತ್ತರ ಅದೇ ವೇಗ, ಆಮೇಲೆ ಪ್ಲಾನ್ ಪ್ರಕಾರ.

ಟವರ್_ಮೇಷ್ಟ್ರು
ನಿಲುವಂಗಿಯವರೇ, ನೀವು ಹೇಳಿದ್ದು ಮೋಡದೊಳಗೆ ಇನ್‌ಸ್ಟ್ರುಮೆಂಟ್ ನಿಯಮದಲ್ಲಿ ಹಾರುವವರಿಗೆ. 7 ನಿಮಿಷ, 20 ನಿಮಿಷ ಅಂತರರಾಷ್ಟ್ರೀಯ ಪದ್ಧತಿ. ಅಮೆರಿಕದವರ ನಿಯಮ ಅದಕ್ಕಿಂತ ಸ್ವಲ್ಪ ಬೇರೆ. ಗಾಳಿಪಟ ಹಾರ್ತಾ ಇದ್ದದ್ದು ವಿಎಫ್‌ಆರ್‌ನಲ್ಲಿ, ಅಂದ್ರೆ ಕಣ್ಣಲ್ಲಿ ನೋಡಿ ಹಾರೋ ನಿಯಮದಲ್ಲಿ, ತಿಳಿ ಆಕಾಶದಲ್ಲಿ. ಹಾಗಿದ್ದಾಗ ನಿಯಮ ಸರಳ: ಮೋಡಕ್ಕೆ ಹೋಗಬೇಡ, ಹತ್ತಿರದ ಸೂಕ್ತ ಏರ್‌ಪೋರ್ಟಲ್ಲಿ ಇಳಿ, ಇಳಿದ ಕೂಡಲೇ ತಿಳಿಸು.

ಇನ್ನೊಂದು ಸಂಗತಿ. ಕೋಡ್ ಸಿಕ್ಕಿದ್ದು ಪ್ರವೇಶದ ಅನುಮತಿ ಅಲ್ಲ. ಕೋಡ್ ಕೊಟ್ಟ ಕಂಟ್ರೋಲರ್ ಅದನ್ನ ಪರದೆ ಮೇಲೆ ನೋಡಿ, ‘ಕಾಣ್ತಿದೆ, ಬಾ’ ಅಂತ ಹೇಳೋ ತನಕ ಆ ವಿಮಾನ ಹೊರಗಿನದು. ಹೊರಗಿದ್ದವನು ಹೊರಗೇ ಉಳಿದ, ಅದು ಸರಿ. ಒಳಗೆ ಹೋದ ಮೇಲೆ ರೇಡಿಯೋ ಕೈಕೊಟ್ಟಿದ್ದರೆ 7600 ಹಾಕಿ ಅತಿ ಹತ್ತಿರದ ದಾರಿಯಲ್ಲಿ ಗೆರೆ ದಾಟಿ ಈಚೆ ಬರೋದು.

ಜೊತೆಗೆ ಗೇಥರ್ಸ್‌ಬರ್ಗ್‌ನಲ್ಲಿ ಟವರ್ ಇಲ್ಲ, ಫ್ರೆಡೆರಿಕ್‌ನಲ್ಲಿ ಇದೆ. ಟವರ್ ಇದ್ದ ಕಡೆ ರೇಡಿಯೋ ಇಲ್ಲದೆಯೂ ಲೈಟ್ ಗನ್ನಲ್ಲಿ, ಅಂದ್ರೆ ಬಣ್ಣದ ದೀಪ ತೋರಿಸಿ, ಮಾತಾಡಬಹುದು. ಹಸಿರು ನಿಂತಿದ್ದರೆ ಇಳಿ, ಹಸಿರು ಮಿನುಗಿದರೆ ಇಳಿಯೋಕೆ ವಾಪಸ್ ಬಾ, ಕೆಂಪು ನಿಂತಿದ್ದರೆ ಸುತ್ತು ಹೊಡಿ, ಕೆಂಪು ಮಿನುಗಿದರೆ ಇಲ್ಲಿ ಇಳಿಯಬೇಡ. ಹಗಲಲ್ಲಿ ರೆಕ್ಕೆ ಅಲ್ಲಾಡಿಸಿದರೆ ನೋಡಿದೆ ಅಂತ ಉತ್ತರ. ನನ್ನ ಸರ್ವೀಸಿನಲ್ಲಿ ಲೈಟ್ ಗನ್ ಧೂಳು ಒರೆಸಿದ್ದೇ ಹೆಚ್ಚು, ಆದರೆ ಬೇಕಾದಾಗ ಅದೊಂದೇ ಇತ್ತು.

ಬಿಳಿಮೋಡ_ಉಡುಪಿ
ಮೈಕ್ ಬಟನ್ ಕಚ್ಚಿಕೊಳ್ಳೋದು ಬರೀ ನಿಮ್ಮ ಸಮಸ್ಯೆ ಅಲ್ಲ ಮಾರಾಯ್ರೆ, ಆ ಫ್ರೀಕ್ವೆನ್ಸಿಯಲ್ಲಿ ಇರುವ ಎಲ್ಲರದ್ದು. ಒಬ್ಬ ಪ್ರಸಾರ ಮಾಡ್ತಾ ಇದ್ದರೆ ಅವನಿಗೆ ಏನೂ ಕೇಳಿಸೋದಿಲ್ಲ, ಬೇರೆಯವರಿಗೆ ಅವನದ್ದು ಬಿಟ್ಟು ಬೇರೆ ಏನೂ ಕೇಳಿಸೋದಿಲ್ಲ. ಹೊಸ ರೇಡಿಯೋಗಳು ಅರ್ಧ ನಿಮಿಷದ ಆಸುಪಾಸಿನಲ್ಲಿ ತಾವೇ ಪ್ರಸಾರ ನಿಲ್ಲಿಸ್ತವೆ. ಹಳೇ ಬಾಡಿಗೆ ವಿಮಾನದಲ್ಲಿ ಅದರ ಮೇಲೆ ಭರವಸೆ ಇಡಬೇಡಿ.

ಹಾಗಾಗಿ ರೇಡಿಯೋ ಹೋಯ್ತು ಅನ್ನಿಸಿದಾಗ ಮೊದಲು ನೋಡಬೇಕಾದ್ದು ಆ ಟಿಎಕ್ಸ್ ಅಕ್ಷರ. ಆಮೇಲೆ ವಾಲ್ಯೂಮ್, ಪಿನ್, ಎರಡನೇ ರೇಡಿಯೋ. ಸ್ವಿಚ್ ಬಿಡಲೇ ಇಲ್ಲ ಅಂದ್ರೆ ಆ ರೇಡಿಯೋ ಆಫ್ ಮಾಡಿಬಿಡಿ, ಕಡೇಪಕ್ಷ ಬೇರೆಯವರಿಗೆ ದಾರಿ ಬಿಟ್ಟಂತಾಗ್ತದೆ. ಬಟನ್ ವಿಷಯ ಕ್ಲಬ್ಬಿನವರ ಸ್ಕ್ವಾಕ್ ಶೀಟಿನಲ್ಲಿ (ವಿಮಾನದ ದೋಷ ಬರೆಯುವ ಹಾಳೆ) ಬರೆದ್ರಾ?

ಸಾಗರದ_ಗಾಳಿಪಟ
ಬರೆದೆ ಮೇಡಂ. ಅದೇ ಬಟನ್ ಬಗ್ಗೆ ಹಿಂದೆ ಇನ್ಯಾರೋ ಬರೆದಿದ್ದು ಅಲ್ಲೇ ಇತ್ತು. ಅದರ ಮುಂದೆ ‘ನೆಲದ ಮೇಲೆ ಪರೀಕ್ಷಿಸಿದಾಗ ಸರಿಯಿದೆ’ ಅಂತ ಷರಾ.

ಬಿಳಿಮೋಡ_ಉಡುಪಿ
ಆ ಷರಾ ಎಲ್ಲ ದೇಶದಲ್ಲೂ ಒಂದೇ 😄

ಹುಬ್ಳಿ_ರಾಡಾರ್
ತಮ್ಮಾ ಗಾಳಿಪಟ, ನಾ ಏರ್‌ಫೋರ್ಸ್‌ನ್ಯಾಗ ರಾಡಾರ್ ಮುಂದ ಕುಂತಾಂವ. ನೀ ಮಾಡಿದ್ದು ಸರಿ ಅದ. ಯಾಕ ಸರಿ ಅಂತ ಹೇಳ್ತೀನಿ ಕೇಳು.

ಪರದೆ ಮುಂದ ಕುಂತಾವಗ ನಿನ್ನ ಮನಸ್ಸು ಕಾಣಂಗಿಲ್ಲ. ಬಟನ್ ಕಚಗೊಂಡದ, ಹುಡುಗ ಗಾಬರಿ ಆಗ್ಯಾನ, ಇದ್ಯಾವುದೂ ಗೊತ್ತಾಗಂಗಿಲ್ಲ. ಕಾಣೂದು ದಿಕ್ಕು, ವೇಗ, ಎತ್ತರ. ಮಾತಿಲ್ಲದ ವಿಮಾನ ಕಾಯೋ ಜಾಗದ ಕಡೆ ಮೂತಿ ಮಾಡಿ ಬಂದ್ರ ಒಂದು ಲೆಕ್ಕ, ಬೆನ್ನು ಮಾಡಿ ಹ್ವಾದ್ರ ಇನ್ನೊಂದು ಲೆಕ್ಕ. ನಿನ್ನ ಗೆಳೆಯ ತಿರುಗೋದು ಅನುಮಾನ ಅಂತಾನ. ಅಲ್ಲೋ ಮಾರಾಯಾ, ಆಚೆ ತಿರುಗಿದಾವನ್ನ ಯಾರು ಬೆನ್ನು ಹತ್ತತಾರ? ರೇಡಿಯೋ ಇಲ್ಲದಾಗ ವಿಮಾನದ ಮೂತೀನ ನಿನ್ನ ಮಾತು.

ಇನ್ನ ಫೈಟರ್ ಬಂದೇ ಬಂತು ಅಂತ ತಿಳಕೊ. ಎಡಗಡೆ, ಸ್ವಲ್ಪ ಮುಂದ ಬಂದು ರೆಕ್ಕಿ ಅಲ್ಲಾಡಸ್ತಾನ. ನೀನೂ ಅಲ್ಲಾಡಿಸಿ ಅವನ ಹಿಂದ ಹೋಗು. ರೇಡಿಯೋದಾಗ 121.5, ಅಂದ್ರ ತುರ್ತಿನ ಫ್ರೀಕ್ವೆನ್ಸಿ ಹಾಕು. ನಿನ್ನ ಸೆಸ್ನಾದಷ್ಟು ಮೆಲ್ಲಕ ಹಾರಾಕ ಅವನಿಂದ ಆಗೂದಿಲ್ಲ, ಮುಂದ ಹೋಗ್ತಾನ, ಸುತ್ತು ಹಾಕಿ ಮತ್ತ ಬರ್ತಾನ. ಅದನ್ನ ನೋಡಿ ಹೆದರಿ ಕೆಳಗ ಮ್ಯಾಲ ಮಾಡಬ್ಯಾಡ. ಒಮ್ಮೆಲೇ ಮ್ಯಾಲ ಏರಿ 90 ಡಿಗ್ರಿಗಿಂತ ಹೆಚ್ಚು ತಿರುಗಿ ಹ್ವಾದ ಅಂದ್ರ ನೀ ಹೋಗಬಹುದು ಅಂತ ಅರ್ಥ. ಗಾಲಿ ಬಿಟ್ಟು ರನ್‌ವೇ ಮ್ಯಾಲ ಹಾದ ಅಂದ್ರ ಇಲ್ಲೇ ಇಳಿ ಅಂತ.

ಸಾಗರದ_ಗಾಳಿಪಟ
ಧನ್ಯವಾದ ಸಾರ್. ಇಲ್ಲಿ ಮೆಲ್ಲಗೆ ಹಾರೋ ವಿಮಾನಗಳಿಗೆ ಅಂತಲೇ ಕೋಸ್ಟ್ ಗಾರ್ಡ್‌ನವರು ಹೆಲಿಕಾಪ್ಟರ್ ಇಟ್ಟಿದ್ದಾರೆ, ರೇಗನ್ ನ್ಯಾಷನಲ್ ಏರ್‌ಪೋರ್ಟಲ್ಲೇ. ಪಕ್ಕಕ್ಕೆ ಬಂದು ಅಕ್ಷರ ಬೆಳಗೋ ಫಲಕ ತೋರಿಸ್ತಾರಂತೆ. ಜೊತೆಗೆ 2005ರಿಂದ ನೆಲದಿಂದ ಲೇಸರ್ ಕೂಡ ಬಿಡ್ತಾರೆ: ಕೆಂಪು, ಕೆಂಪು, ಹಸಿರು. ಅದು ಕಂಡರೆ ತಕ್ಷಣ ಆಚೆ ತಿರುಗಬೇಕು ಅಂತ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದಾರೆ.

ನಕ್ಷೆ_ಹುಚ್ಚ
ಫ್ರೆಡೆರಿಕ್ ಅಂದ ಕೂಡಲೇ ನೆನಪಾಯ್ತು. 2005ರ ಮೇ 11. ಪೆನ್ಸಿಲ್ವೇನಿಯಾದ ಸ್ಮೋಕ್‌ಟೌನ್‌ನಿಂದ ಹೊರಟ ಒಂದು ಸೆಸ್ನಾ 150 ದಾರಿ ತಪ್ಪಿ ಶ್ವೇತಭವನಕ್ಕೆ ಮೂರು ಮೈಲಿಯಷ್ಟು ಹತ್ತಿರ ಹೋಗಿತ್ತು. ಶ್ವೇತಭವನ, ಕ್ಯಾಪಿಟಲ್ ಎರಡನ್ನೂ ಖಾಲಿ ಮಾಡಿಸಿದರು, ಎಫ್-16ಗಳು ಬೆಂಕಿಪಟಾಕಿ ತರದ ಫ್ಲೇರ್ ಬಿಟ್ಟವು. ಕೊನೆಗೆ ಅದನ್ನ ಕರೆದುಕೊಂಡು ಹೋಗಿ ಇಳಿಸಿದ್ದು ಇದೇ ಫ್ರೆಡೆರಿಕ್‌ನಲ್ಲಿ. ಪೈಲಟ್ ಲೈಸೆನ್ಸ್ ರದ್ದಾಯ್ತು.

ಅದಕ್ಕಿಂತ ಒಂದು ವರ್ಷ ಹಿಂದಿನದು ನನಗೆ ಇನ್ನೂ ಮುಖ್ಯ ಅನ್ನಿಸುತ್ತೆ. 2004ರ ಜೂನ್ 9. ರೇಗನ್ ಅವರ ಪಾರ್ಥಿವ ಶರೀರವನ್ನು ಕ್ಯಾಪಿಟಲ್‌ಗೆ ತರುವ ದಿನ. ಕೆಂಟಕಿ ಗವರ್ನರ್ ಅರ್ನಿ ಫ್ಲೆಚರ್ ಅವರ ವಿಮಾನದ ಟ್ರಾನ್ಸ್‌ಪಾಂಡರ್ ಕೆಟ್ಟಿತ್ತು. ಪೈಲಟ್ ಅದನ್ನ ಮುಚ್ಚಿಡಲಿಲ್ಲ, ಕಂಟ್ರೋಲರ್‌ಗೆ ಗೊತ್ತಿತ್ತು, ಅವರೇ ಮುಂದೆ ಬಾ ಅಂದಿದ್ದರು. ಆದರೆ ರಾಜಧಾನಿ ಆಕಾಶ ಕಾಯುವವರಿಗೆ ಆ ಮಾತು ಮುಟ್ಟಲಿಲ್ಲ. ಅವರ ಪರದೆ ಮೇಲೆ ಹೆಸರಿಲ್ಲದ ಚುಕ್ಕೆಯೊಂದು ನಗರದ ಕಡೆ ಬರ್ತಿತ್ತು. ಕ್ಯಾಪಿಟಲ್‌ನಲ್ಲಿದ್ದ ಜನರನ್ನ ‘ಓಡಿ’ ಅಂತ ಹೊರಗಟ್ಟಿದರು. ಪೈಲಟ್ ಏನೇನು ಮಾಡಬೇಕೋ ಅದೆಲ್ಲ ಮಾಡಿದ್ದ!

2022ರ ಏಪ್ರಿಲ್ 20ಕ್ಕೆ ಹೆಚ್ಚುಕಡಿಮೆ ಅದೇ ಕಥೆ. ಬೇಸ್‌ಬಾಲ್ ಪಂದ್ಯಕ್ಕೆ ಸೇನೆಯ ಪ್ಯಾರಾಚೂಟ್ ತಂಡ ಹೊತ್ತ ವಿಮಾನ. ಕ್ಯಾಪಿಟಲ್ ಪೊಲೀಸರಿಗೆ ಯಾರೂ ಮುಂಚೆ ಹೇಳಿರಲಿಲ್ಲ, ಮತ್ತೆ ಕಟ್ಟಡ ಖಾಲಿ.

ನಿಲುವಂಗಿ
ಹಾಗಾದರೆ ಪೈಲಟ್ ಕಂಟ್ರೋಲರ್‌ಗೆ ಹೇಳಿದ್ರೂ ಪ್ರಯೋಜನ ಇಲ್ಲ ಅಂತಾಯ್ತಲ್ಲ?

ಟವರ್_ಮೇಷ್ಟ್ರು
ಪ್ರಯೋಜನ ಇದೆ, ಸಾಕಾಗಲ್ಲ ಅಷ್ಟೇ. ಮಾತಾಡುವ ಕಂಟ್ರೋಲರ್ ಬೇರೆ, ಕಾಯುವವರು ಬೇರೆ. ಇಬ್ಬರ ನಡುವೆ ಇರೋದು ಒಂದು ಫೋನ್ ಲೈನ್. ಹೊರಗಿನಿಂದ ನೋಡುವವರು ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಅಂದ್ರೆ ಒಂದೇ ಮನೆ ಅಂದ್ಕೋತಾರೆ, ಅದು ಒಂದೇ ಕಾಂಪೌಂಡಿನ ಮೂರು ಮನೆ.

ನಮ್ಮಲ್ಲಿ ಈ ಕೊಂಡಿಯನ್ನ ಕಾಗದದ ಮೇಲೆ ಕಟ್ಟಿದ್ದಾರೆ. ಹೊರಡೋ ಮುಂಚೆ ಫ್ಲೈಟ್ ಇನ್ಫರ್ಮೇಷನ್ ಸೆಂಟರ್‌ನಿಂದ ಎಫ್‌ಐಸಿ ನಂಬರು, ವಾಯುಪಡೆ ಕಡೆಯಿಂದ ಎಡಿಸಿ ನಂಬರು. ಎಡಿಸಿ ಅಂದ್ರೆ ಏರ್ ಡಿಫೆನ್ಸ್ ಕ್ಲಿಯರೆನ್ಸ್, ಕಾಯುವವನಿಗೆ ಇವನು ಬರ್ತಾನೆ ಅಂತ ಮೊದಲೇ ಗೊತ್ತಿರಲಿ ಅಂತ. ಜಕ್ಕೂರಿನ ಹುಡುಗರು ಇದನ್ನ ಗೊಣಗಿಕೊಂಡೇ ಮಾಡ್ತಾರೆ. ಗೊಣಗೋದು ಸಹಜ: ಈ ಕಡೆ ಯಲಹಂಕ ವಾಯುನೆಲೆ, ಆ ಕಡೆ ದೇವನಹಳ್ಳಿ, ತೆಂಕಲಿಗೆ ಎಚ್‌ಎಎಲ್‌ನ ಪರೀಕ್ಷಾ ಹಾರಾಟ. ಏರೋ ಇಂಡಿಯಾ ಬಂದಾಗಂತೂ ದೇವನಹಳ್ಳಿಯ ದೊಡ್ಡ ವಿಮಾನಗಳನ್ನೇ ಗಂಟೆಗಟ್ಟಲೆ ನಿಲ್ಲಿಸ್ತಾರೆ, ಟ್ರೈನಿಂಗ್ ವಿಮಾನದ ಮಾತೇನು.

ರೇಡಿಯೋ ಕೈಕೊಟ್ಟಾಗ ಮಾಡಬಹುದಾದ ಒಂದು ಕೆಲಸ ಹೇಳಿಲ್ಲ ಯಾರೂ. ಎಷ್ಟೋ ಸಲ ಮಾತು ಹೋಗಲ್ಲ, ಆದರೆ ಕೇಳಿಸುತ್ತೆ. ಆಗ ಕಂಟ್ರೋಲರ್ ‘ನಾನು ಹೇಳೋದು ಕೇಳಿಸ್ತಿದ್ದರೆ ಐಡೆಂಟ್ ಒತ್ತು’ ಅಂತಾನೆ. ಟ್ರಾನ್ಸ್‌ಪಾಂಡರ್‌ನ ಆ ಬಟನ್ ಒತ್ತಿದರೆ ಪರದೆ ಮೇಲೆ ಚುಕ್ಕೆ ಅರಳುತ್ತೆ. ಆಮೇಲೆ ಹೌದು ಅನ್ನೋದಕ್ಕೆಲ್ಲ ಐಡೆಂಟ್. ಅದಕ್ಕೇ ಪೂರ್ತಿ ಮೌನ ಅನ್ನಿಸಿದ್ರೂ ‘ಟ್ರಾನ್ಸ್‌ಮಿಟಿಂಗ್ ಬ್ಲೈಂಡ್’ ಅಂತ ಹೇಳಿ ನಿಮ್ಮ ಉದ್ದೇಶ ಎರಡು ಸಲ ಹೇಳಿಬಿಡಿ. ಮೈಕ್ ಕಚ್ಚಿಕೊಂಡಾಗ ಮಾತ್ರ ಇದು ನಡೆಯಲ್ಲ, ಅಲ್ಲಿ ನಿಮಗೆ ಏನೂ ಕೇಳಿಸಲ್ಲ.

ಕೋಡು_ಕಂಪ್ಯೂಟರ್
ದಡ್ಡ ಪ್ರಶ್ನೆ ಇರಬಹುದು. ಕೈಯಲ್ಲಿ ಮೊಬೈಲ್ ಇರುತ್ತಲ್ಲ, ಟವರ್‌ಗೆ ಫೋನ್ ಹಚ್ಚಿದ್ರೆ ಆಯ್ತಲ್ವಾ?

ಬಿಳಿಮೋಡ_ಉಡುಪಿ
ದಡ್ಡ ಪ್ರಶ್ನೆ ಅಲ್ಲ. ಕೆಳಗೆ ಹಾರುವ ಸಣ್ಣ ವಿಮಾನಕ್ಕೆ ಎಷ್ಟೋ ಸಲ ಸಿಗ್ನಲ್ ಸಿಗ್ತದೆ, ತುರ್ತಿನಲ್ಲಿ ಯಾರೂ ಬೇಡ ಅನ್ನೋದಿಲ್ಲ. ಪೊಟೊಮ್ಯಾಕ್ ನಂಬರು, ಟವರ್ ನಂಬರು ಮೊದಲೇ ಸೇವ್ ಮಾಡಿ ಇಡಿ. ಆದರೆ ನಂಬರು ಹುಡುಕುವ ಎರಡು ನಿಮಿಷದಲ್ಲಿ ಗೆರೆ ದಾಟಿರ್ತೀರಿ. ಮೊದಲು ತಿರುಗಿ, ಆಮೇಲೆ ಫೋನ್. ದೊಡ್ಡ ವಿಮಾನದಲ್ಲಿ ಇದೆಲ್ಲ ಕೆಲಸಕ್ಕೆ ಬರೋದಿಲ್ಲ. ನಮಗೆ ಎರಡನೇ ರೇಡಿಯೋ 121.5ರಲ್ಲಿ ಸದಾ ಕಿವಿ ತೆರೆದುಕೊಂಡಿರಬೇಕು. ಕಂಪನಿಯವರು ಏಕಾರ್ಸ್‌ನಲ್ಲಿ (ವಿಮಾನಕ್ಕೆ ಅಕ್ಷರ ಸಂದೇಶ ಕಳಿಸುವ ವ್ಯವಸ್ಥೆ) ‘ಇಂಥ ಫ್ರೀಕ್ವೆನ್ಸಿಗೆ ಬನ್ನಿ, ಅವರು ನಿಮ್ಮನ್ನ ಹುಡುಕ್ತಿದ್ದಾರೆ’ ಅಂತ ಸಂದೇಶ ಕಳಿಸ್ತಾರೆ.

2017ರ ಫೆಬ್ರವರಿ 16 ನೆನಪಿದೆಯಾ? ಮುಂಬೈಯಿಂದ ಲಂಡನ್‌ಗೆ ಹೋಗ್ತಿದ್ದ ಜೆಟ್ ಏರ್‌ವೇಸ್‌ನ 777 ಜರ್ಮನಿ ಮೇಲೆ ಮಾತು ಕಳೆದುಕೊಂಡಿತ್ತು. ಸ್ವಲ್ಪ ಹೊತ್ತಿಗೆ ಎರಡೂ ಪಕ್ಕ ಜರ್ಮನ್ ಯೂರೋಫೈಟರ್. ಒಳಗೆ 330 ಪ್ರಯಾಣಿಕರು. ಯುರೋಪಿನಲ್ಲಿ ಅರ್ಧ ಗಂಟೆಯಲ್ಲಿ ಎಷ್ಟು ದೇಶ, ಎಷ್ಟು ಫ್ರೀಕ್ವೆನ್ಸಿ ಬದಲಾಗ್ತದೆ ಅಂತ ಹಾರಿಸಿದವರಿಗೇ ಗೊತ್ತು. ಒಂದು ಅಂಕಿ ತಪ್ಪಿದ್ರೆ ಸಾಕು, ನೀವು ಇನ್ಯಾರದ್ದೋ ಮೌನ ಕೇಳ್ತಾ ಕೂತಿರ್ತೀರಿ, ತೊಂದರೆ ಇದೆ ಅಂತಲೂ ಗೊತ್ತಾಗೋದಿಲ್ಲ. ಹತ್ತು ನಿಮಿಷ ಯಾರೂ ಮಾತಾಡಿಲ್ಲ ಅಂದ್ರೆ ‘ರೇಡಿಯೋ ಚೆಕ್’ ಕೇಳೋದು ನನ್ನ ಅಭ್ಯಾಸ. ಕೆಲವು ಕಮಾಂಡರ್‌ಗಳಿಗೆ ಅದು ಕಿರಿಕಿರಿ. ಇರ್ಲಿ.

ಹುಬ್ಳಿ_ರಾಡಾರ್
ಬಿಳಿಮೋಡ ಅವರು ಛಲೋ ಹೇಳಿದ್ರು. ನಾ ಇನ್ನೊಂದು ಕೂಡಸ್ತೀನಿ. ಕರೆದ್ರ ಸಾಲಂಗಿಲ್ಲ, ಕರೆದದ್ದು ತನ್ನನ್ನ ಅಂತ ಪೈಲಟ್‌ಗೆ ತಿಳೀಬೇಕು.

1988ರ ಜುಲೈ 3, ಇರಾನ್ ಏರ್ 655. ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಹಲವು ಸಲ ಕರೀತು. ಎಷ್ಟೋ ಕರೆ ಮಿಲಿಟರಿ ಫ್ರೀಕ್ವೆನ್ಸಿ ಮ್ಯಾಲ, ಅದನ್ನ ಏರ್‌ಬಸ್ ಕೇಳಾಕ ಸಾಧ್ಯನ ಇರಲಿಲ್ಲ. 121.5 ಮ್ಯಾಲ ಕರೆದಾಗೂ ಫ್ಲೈಟ್ ನಂಬರ್ ಹೇಳಲಿಲ್ಲ, ‘ಗುರುತು ಸಿಗದ ವಿಮಾನವೇ’ ಅಂದ್ರು. ಏರ್‌ಲೈನ್ ರೂಟ್ ಮ್ಯಾಲ, ತನಗ ಕೊಟ್ಟ ಕೋಡ್ ಹಾಕ್ಕೊಂಡು ಹೊಂಟಾಂವ ಅದು ತನಗ ಅಂತ ಯಾಕ ಅನ್ಕೋತಾನ? ಕ್ಷಿಪಣಿ ಬಿಟ್ಟು ಕೆಡವಿದ್ರು, 290 ಮಂದಿ ಹೋದ್ರು.

1983ರ ಕೊರಿಯನ್ ವಿಮಾನದ್ದು ಇದಕ್ಕ ಉಲ್ಟಾ. ದಾರಿ ತಪ್ಪಿ ಸೋವಿಯತ್ ನಿಷೇಧಿತ ಪ್ರದೇಶಕ್ಕ ಹೊಕ್ಕಿತ್ತು, 121.5 ಮ್ಯಾಲ ಅವರು ಕರೀಲೇ ಇಲ್ಲ. ಹೊಡೆದು ಕೆಡವಿದ್ರು, 269 ಮಂದಿ ಹೋದ್ರು. ಅದಾದ ಮ್ಯಾಲ 1984ರಾಗ ಷಿಕಾಗೋ ಒಪ್ಪಂದಕ್ಕ ಹೊಸ ಕಲಂ ಸೇರಿಸಿದ್ರು, ಹಾರೋ ಸಿವಿಲ್ ವಿಮಾನದ ಮ್ಯಾಲ ಆಯುಧ ಬಳಸಬಾರದು ಅಂತ. ಕಲಂ ಬಂದು ನಾಕ ವರ್ಷಕ್ಕ ವಿನ್ಸೆನ್ಸ್. ಹಿಂಗಾಗಿ ಕಾಗದ ನಂಬಿ ಗೆರೆ ಹತ್ರ ಆಟ ಆಡಬ್ಯಾಡ್ರಿ.

ನಕ್ಷೆ_ಹುಚ್ಚ
ಮೇಡಂ, ಕಳೆದ ವರ್ಷಗಳ ನಮ್ಮ ಗಡಿ ವಿಷಯ ಬಿಟ್ಟುಬಿಟ್ರಿ. 2025ರ ಮೇ 21, ಇಂಡಿಗೋ ದೆಹಲಿ–ಶ್ರೀನಗರ.

ಬಿಳಿಮೋಡ_ಉಡುಪಿ
ಬಿಟ್ಟದ್ದಲ್ಲ, ಬರೆಯೋಕೆ ಮನಸ್ಸು ಬರಲಿಲ್ಲ. ಅಲ್ಲಿ ರೇಡಿಯೋ ಚೆನ್ನಾಗಿಯೇ ಇತ್ತು. ಪಠಾಣ್‌ಕೋಟ್ ಹತ್ತಿರ 36,000 ಅಡಿಯಲ್ಲಿ ಎದುರಿಗೆ ಆಲಿಕಲ್ಲು ಮೋಡ. ಎಡಕ್ಕೆ, ಅಂದ್ರೆ ಗಡಿ ಕಡೆಗೆ ತಿರುಗೋಕೆ ಕೇಳಿದ್ರು, ವಾಯುಪಡೆಯ ನಾರ್ದರ್ನ್ ಕಂಟ್ರೋಲ್ ಒಪ್ಪಲಿಲ್ಲ. ಆಗ ಎರಡೂ ದೇಶ ಪರಸ್ಪರರ ವಿಮಾನಗಳಿಗೆ ಆಕಾಶ ಮುಚ್ಚಿದ್ದ ಕಾಲ. ಲಾಹೋರ್‌ನವರನ್ನ ಕೇಳಿದ್ರು, ಅವರೂ ಇಲ್ಲ ಅಂದ್ರು. ಹಿಂದಿರುಗೋಕೆ ನೋಡಿದ್ರು, ಅಷ್ಟರಲ್ಲಿ ಮೋಡ ತೀರಾ ಹತ್ತಿರ. ಒಳಗೇ ಹೊಕ್ಕರು. ಒಂದು ಹಂತದಲ್ಲಿ ನಿಮಿಷಕ್ಕೆ 8,500 ಅಡಿ ಲೆಕ್ಕದಲ್ಲಿ ಕುಸಿಯಿತು. ಮೂತಿ ಜಜ್ಜಿಹೋಗಿತ್ತು, 220ಕ್ಕೂ ಹೆಚ್ಚು ಜನ, ಎಲ್ಲರೂ ಸುರಕ್ಷಿತವಾಗಿ ಇಳಿದ್ರು.

ಮನೆಯಲ್ಲಿ ಕೂತು ಹೇಳೋದು ಸುಲಭ. ನನ್ನ ಅಭಿಪ್ರಾಯ ಇಷ್ಟೇ: ಬಲಗಡೆಯೋ ಹಿಂದೆಯೋ ದಾರಿ ಇರುವಾಗಲೇ, ಇನ್ನೂ 60–80 ಮೈಲಿ ದೂರ ಇರುವಾಗಲೇ ಕೇಳಬೇಕು. ಮುಚ್ಚಿದ ಆಕಾಶದ ಪಕ್ಕ ಹಾರುವಾಗ ‘ಇಲ್ಲ’ ಅನ್ನುವ ಉತ್ತರ ಬಂದೇ ಬರ್ತದೆ ಅಂತ ಇಟ್ಟುಕೊಂಡು ಇಂಧನ, ದಾರಿ ಲೆಕ್ಕ ಹಾಕಬೇಕು. ಮತ್ತೆ ತುರ್ತು ಇದೆ ಅಂತ ಸಾರುವ ‘ಪಾನ್ ಪಾನ್’ ಅನ್ನೋದಕ್ಕೆ ನಾಚಿಕೆ ಬೇಡ. ಕೋರಿಕೆಗೆ ಒಂದು ತೂಕ, ತುರ್ತಿಗೆ ಇನ್ನೊಂದು ತೂಕ.

ಟವರ್_ಮೇಷ್ಟ್ರು
ಒಪ್ಪಿದೆ, ಆದರೆ ಒಂದು ತಕರಾರು. ಗಡಿಯಲ್ಲಿ ಎಷ್ಟು ಬೇಗ ಕೇಳಿದ್ರೂ ಕಂಟ್ರೋಲರ್ ಕೈಯಲ್ಲಿ ಇರೋದು ಎಷ್ಟು? ಅವನು ಇನ್ನೊಬ್ಬರನ್ನ ಕೇಳಬೇಕು, ಅವರು ಮತ್ತೊಬ್ಬರನ್ನ. ಉತ್ತರ ಬರುವಷ್ಟರಲ್ಲಿ ವಿಮಾನ ನಿಮಿಷಕ್ಕೆ ಎಂಟು ಮೈಲಿ ಮುಂದೆ ಹೋಗಿರುತ್ತೆ. ‘ಸ್ಟ್ಯಾಂಡ್‌ಬೈ’ ಅಂದ ಕಂಟ್ರೋಲರನ್ನ ಬೈಯುವ ಮುಂಚೆ ಅವನ ಇನ್ನೊಂದು ಕಿವಿಯಲ್ಲಿ ಫೋನ್ ಇದೆ ಅಂತ ತಿಳ್ಕೊಳ್ಳಿ.

ಬಿಳಿಮೋಡ_ಉಡುಪಿ
ಬೈಯ್ಯೋದಿಲ್ಲ ಸಾರ್ 🙏 ಆದರೆ ‘ಸ್ಟ್ಯಾಂಡ್‌ಬೈ’ ಜೊತೆ ‘ವಾಯುಪಡೆಯವರನ್ನ ಕೇಳ್ತಿದ್ದೇನೆ’ ಅಂತ ಸೇರಿಸಿದ್ರೆ ನಮಗೆ ತೀರ್ಮಾನ ಮಾಡೋಕೆ ಸುಲಭ ಆಗ್ತದೆ.

ಟವರ್_ಮೇಷ್ಟ್ರು
ಅದು ನ್ಯಾಯವಾದ ಮಾತು.

ನಿಲುವಂಗಿ
ಮುಖ್ಯ ವಿಷಯಕ್ಕೆ ಬರೋಣ. ಗಾಳಿಪಟ ಪಶ್ಚಿಮಕ್ಕೇ ಯಾಕೆ ತಿರುಗಿದ್ದು? ಎಡಕ್ಕೆ, ಉತ್ತರಕ್ಕೆ ಹೊರಳೋದು ಸುಲಭ ಇತ್ತಲ್ಲ?

ಸಾಗರದ_ಗಾಳಿಪಟ
ಉತ್ತರಕ್ಕೆ ಹೊರಳಿ ಹಾಗೇ ಹೋಗ್ತಾ ಇದ್ದರೆ ಪಿ-40 ಕಡೆಗೆ. ಒಂದು ಗೆರೆ ತಪ್ಪಿಸೋಕೆ ಹೋಗಿ ಇನ್ನೊಂದು ಗೆರೆ. ಹೊರಡೋ ಮುಂಚೆ ನಕ್ಷೆ ಮೇಲೆ ‘ಇಲ್ಲಿಂದ ತಪ್ಪಿಸಿಕೊಳ್ಳೋದಾದ್ರೆ ಯಾವ ಕಡೆ’ ಅಂತ ಪೆನ್ಸಿಲ್‌ನಲ್ಲಿ ಬಾಣ ಹಾಕಿಕೊಳ್ಳೋದು ನಮ್ಮ ಇನ್‌ಸ್ಟ್ರಕ್ಟರ್ ಹಚ್ಚಿಸಿದ ಅಭ್ಯಾಸ. ಆವತ್ತು ಆ ಬಾಣ ನೋಡಿಯೇ ತಿರುಗಿಸಿದ್ದು. ಕೆಳಗೆ ಹೆದ್ದಾರಿ 270, ಎದುರಿಗೆ ಕಟೋಕ್ಟಿನ್ ಬೆಟ್ಟದ ಸಾಲು, ದಾರಿ ತಪ್ಪೋ ಹಾಗಿರಲಿಲ್ಲ.

ಹುಬ್ಳಿ_ರಾಡಾರ್
ಭೇಷ್! ಆ ಬಾಣ ಹಾಕ್ಸಿದಾವಗ ನನ್ನ ಸಲಾಂ ಹೇಳು.

ಕೋಡು_ಕಂಪ್ಯೂಟರ್
ಇನ್ನೊಂದು. ಪೈಲಟ್‌ಗೆ ಎಚ್ಚರವೇ ಇಲ್ಲ ಅಂದ್ರೆ? 2023ರಲ್ಲಿ ವಾಷಿಂಗ್ಟನ್ ಮೇಲೆ ಹಾಗಾಗಿತ್ತಲ್ಲ.

ನಕ್ಷೆ_ಹುಚ್ಚ
ಜೂನ್ 4. ಟೆನೆಸ್ಸಿಯಿಂದ ಲಾಂಗ್ ಐಲೆಂಡ್‌ಗೆ ಹೊರಟ ಸೈಟೇಶನ್ ಜೆಟ್ ಅಲ್ಲಿಯ ತನಕ ಹೋಗಿ, ತಾನೇ ತಿರುಗಿ, ವಾಷಿಂಗ್ಟನ್ ಮೇಲೆ ಹಾದು ವರ್ಜೀನಿಯಾದ ಬೆಟ್ಟದಲ್ಲಿ ಬಿತ್ತು. ಒಳಗಿದ್ದ ನಾಲ್ವರೂ ಸತ್ತರು. ಎಫ್-16ಗಳು ಹೋದ ವೇಗಕ್ಕೆ ನಗರಕ್ಕೆಲ್ಲ ಸೋನಿಕ್ ಬೂಮ್ ಕೇಳಿಸಿತ್ತು. ಫ್ಲೇರ್ ಬಿಟ್ಟರು, ಪೈಲಟ್ ಪ್ರತಿಕ್ರಿಯಿಸಲಿಲ್ಲ. ಹೊಡೆದುರುಳಿಸಲೂ ಇಲ್ಲ. ಬಹಳ ಎತ್ತರದಲ್ಲಿ, ಒಂದೇ ದಿಕ್ಕಿನಲ್ಲಿ ನೆಟ್ಟಗೆ ಹೋಗ್ತಿತ್ತು.

ಸಾಗರದ_ಗಾಳಿಪಟ
ಎಲ್ಲರಿಗೂ ಧನ್ಯವಾದ. ಕೊನೇದಾಗಿ ಒಂದು ಕೇಳ್ತೀನಿ. ಏನೂ ಉಲ್ಲಂಘನೆ ಆಗಿಲ್ಲ ಅಂತ ಪೊಟೊಮ್ಯಾಕ್‌ನವರೇ ಹೇಳಿದ್ದಾರೆ. ಆದ್ರೂ ನಾಸಾಕ್ಕೆ ಎಎಸ್‌ಆರ್‌ಎಸ್ ವರದಿ (ಹಾರಾಟದಲ್ಲಾದ ಸುರಕ್ಷತಾ ಎಡವಟ್ಟು ತಿಳಿಸೋದು) ಹಾಕಬೇಕಾ?

ಬಿಳಿಮೋಡ_ಉಡುಪಿ
ಹಾಕಿ. ಘಟನೆಯಾಗಿ 10 ದಿನದ ಒಳಗೆ ಹಾಕಿದ್ರೆ ನಾಳೆ ಯಾರಾದ್ರೂ ಉಲ್ಲಂಘನೆ ಅಂದ್ರೂ, ಉದ್ದೇಶಪೂರ್ವಕ ಅಲ್ಲದಿದ್ದರೆ ದಂಡ, ಅಮಾನತು ಸಾಮಾನ್ಯವಾಗಿ ಆಗೋದಿಲ್ಲ. ಹೋದ ವಾರ ಅಂದ್ರಲ್ಲ, ಇವತ್ತೇ ಕೂತು ಬರೆಯಿರಿ. ಬಟನ್ ಬಗ್ಗೆ ಹಿಂದೆ ಬರೆದಿದ್ದ ಷರಾದ ಫೋಟೋ ತೆಗೆದು ಇಟ್ಟುಕೊಳ್ಳಿ, ಆ ಹಾಳೆ ಬದಲಾಗೋ ಮುಂಚೆ.

ಸಾಗರದ_ಗಾಳಿಪಟ
ಫೋಟೋ ಆವತ್ತೇ ತೆಗೆದಿದ್ದೀನಿ ಮೇಡಂ. ವರದಿ ಇವತ್ತು ರಾತ್ರಿ ಹಾಕ್ತೀನಿ.